ಗೇಟು, ಲೇಟು, ರೇಟು ಮತ್ತು ಅಪ್ಪನ ಹೆಸರು

ಗೋಟ್ ಅಂದರೆ ಆಡು, ಬೋಟ್ ಅಂದರೆ ದೋಣಿ. ಮಾನ್ವಿಯ ಹತ್ತಿರದ ಹಳ್ಳಿಯೊಂದರ ಸರ್ಕಾರಿ ಶಾಲೆಯಲ್ಲಿ ನಾನು ಇಂಗ್ಲಿಷ್ ಕಲಿಸುತ್ತೇನೆ. ವರ್ಷದಲ್ಲಿ ಒಂದಿಷ್ಟು ದಿನ ಈ ಪ್ರಾಸಪದಗಳ ಪಾಠ ಬರುತ್ತದೆ. ನನ್ನ ಪಿರಿಯಡ್ ಇರುವುದು ಬಿಸಿಯೂಟ ಆದ ಮೇಲೆ. ಅನ್ನ ಸಾರು ಉಂಡು ಬಂದ ಮಕ್ಕಳಿಗೆ ಕಣ್ಣು ಎಳೆಯುತ್ತಿರುತ್ತವೆ, ನನಗೂ ಎಳೆಯುತ್ತಿರುತ್ತವೆ. ಹೊರಗೆ ಬಿಸಿಲು ಬೆಳ್ಳಗೆ ನಿಂತಿರುತ್ತದೆ. ನಾನು ಒಂದು ಪದ ಹೇಳುತ್ತೇನೆ, ಮಕ್ಕಳು ಅದರ ಜೋಡಿ ಹೇಳುತ್ತಾರೆ, ಆಮೇಲೆ ಎಲ್ಲರೂ ಸೇರಿ ರಾಗವಾಗಿ ಅರ್ಥ ಹೇಳುತ್ತಾರೆ. ಆ ರಾಗ ಕೇಳುತ್ತ ಕೇಳುತ್ತ ಮೈ ಹಗುರಾಗಿ, ಇಡೀ ತರಗತಿ ಎಲ್ಲೋ ನೀರಿನ ಮೇಲೆ ಮೆಲ್ಲಗೆ ಹೊರಟಂತೆ ನನಗೆ ಅನಿಸುತ್ತದೆ.

ಅರ್ಥ ಹೇಳಿಸುವ ಕೆಲಸ ಮಾತ್ರ ನನಗೆ ಮೊದಲಿನಿಂದಲೂ ಹಿಡಿಸಿಲ್ಲ. ಕಿಂಗ್, ರಿಂಗ್ ಎಂದಾಗ ಎರಡೂ ಕೈ ಕೈ ಹಿಡಿದು ನಿಂತಿರುತ್ತವೆ. ರಾಜ, ಉಂಗುರ ಎಂದ ಕೂಡಲೇ ಒಂದು ಆ ಕಡೆ, ಇನ್ನೊಂದು ಈ ಕಡೆ. ಮೂನ್, ನೂನ್ ಎನ್ನುವಾಗ ಚಂದ್ರನೂ ಮಧ್ಯಾಹ್ನವೂ ಒಂದೇ ಮನೆಯವರು; ಕನ್ನಡದಲ್ಲಿ ಅವರಿಗೆ ಪರಸ್ಪರ ಮುಖಪರಿಚಯವೂ ಇಲ್ಲ. ದನಿ ಕೂಡಿಸಿದ್ದನ್ನು ಅರ್ಥ ಬಿಡಿಸಿಬಿಡುತ್ತದೆ. ಆದರೆ ಅರ್ಥ ಬರದಿದ್ದರೆ ಪದ ಬಂದಂತಲ್ಲ ಎಂದು ಮೇಲಿನವರು ಹೇಳುತ್ತಾರೆ. ಮೇಲಿನವರಿಗೆ ನಾನು ಎದುರಾಡುವುದಿಲ್ಲ. ಮನೆಗೆ ಬಂದು ಪಾತ್ರೆ ಕುಕ್ಕುತ್ತೇನೆ, ಅಷ್ಟೇ.

ಗೋಟ್, ಬೋಟ್ ಮಾತ್ರ ನನ್ನ ಪ್ರೀತಿಯ ಜೋಡಿ. ನನ್ನ ತವರು ಗೂಗಲ್, ದೇವದುರ್ಗ ತಾಲೂಕಿನಲ್ಲಿ ಕೃಷ್ಣೆಯ ದಂಡೆಯ ಮೇಲಿರುವ ಊರು. ನಾನು ಸಣ್ಣವಳಿದ್ದಾಗ ಅಲ್ಲಿ ಆಡುಗಳು ನಿಜವಾಗಿಯೂ ಹರಿಗೋಲಿನಲ್ಲಿ ಕೂತು ಹೊಳೆ ದಾಟುತ್ತಿದ್ದವು. ಬುಟ್ಟಿಯಂಥ ಆ ದೋಣಿ ಸುತ್ತುತ್ತ ಸುತ್ತುತ್ತ ಹೋಗುವಾಗ ಆಡುಗಳೂ ನಾವೂ ಒಂದೇ ಸಮ ದಿಕ್ಕು ತಪ್ಪಿ ಕಣ್ಣು ಮಿಟುಕಿಸುತ್ತಿದ್ದೆವು. ಇದನ್ನು ಹೇಳಿದರೆ ಮಕ್ಕಳು ನಗುತ್ತಾರೆ. ಅರ್ಥ ಕೂಡ ಕೆಲವೊಮ್ಮೆ ಜೋಡಿಯನ್ನು ಬಿಡಿಸುವುದಿಲ್ಲ ಎಂದು ನನಗೆ ಗೊತ್ತಾದದ್ದು ಆ ಹರಿಗೋಲಿನಿಂದ, ಆಮೇಲೆ ನನ್ನ ಅವ್ವನಿಂದ.

ಅಪ್ಪ ತೀರಿಕೊಂಡ ಮೇಲೆ ಅವ್ವ ಹೆಚ್ಚು ದಿನ ನನ್ನ ಮನೆಯಲ್ಲೇ ಇರುತ್ತಾಳೆ. ಗೂಗಲ್‌ನ ಮನೆಯಲ್ಲಿ ಅಣ್ಣ ಅತ್ತಿಗೆ ಇದ್ದಾರೆ, ಹೊಲ ಇದೆ, ಅವಳಿಗೆ ಅಲ್ಲಿ ಯಾವ ಕೊರತೆಯೂ ಇಲ್ಲ. ನನ್ನ ಮಗಳು ಶಾಲೆಯಿಂದ ಬರುವಾಗ ಮನೆಯಲ್ಲಿ ಯಾರಾದರೂ ಇರಲಿ ಎಂದು ನಾನೇ ಹಟ ಮಾಡಿ ಕರೆದುಕೊಂಡು ಬಂದೆ. ಬಂದವಳು ನಡುಮನೆಯ ಫ್ಯಾನಿನ ಕೆಳಗೆ ಕೂತು ಜೋಳ ಹಸನು ಮಾಡುತ್ತಾಳೆ, ಅಕ್ಕಪಕ್ಕದವರ ಮೊಮ್ಮಕ್ಕಳಿಗೆ ದೃಷ್ಟಿ ತೆಗೆಯುತ್ತಾಳೆ, ನಾನು ಮಾಡಿದ ಪಲ್ಯೆಗೆ ಹೆಸರಿಡುತ್ತಾಳೆ. ಮನೆ ತುಂಬಿದಂತಾಗಿದೆ.

ಗೂಗಲ್ ಸುತ್ತಮುತ್ತ ಅವ್ವನ ಹೆಸರು ನಡೆದದ್ದು ಒಡಪಿನಿಂದ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಕಡೆ ಹೆಂಡತಿಯಾದವಳು ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವುದಿಲ್ಲ. ಅವರು, ಇವರು, ನಿಮ್ಮಪ್ಪ, ಮನೆಯವರು ಎನ್ನುತ್ತಾಳೆ. ಮನೆಗೆ ಬಂದ ಯಾವ ಸಾಹೇಬ ಗಂಡನ ಹೆಸರೇನು ಎಂದು ಕೇಳಿದರೂ ಮಕ್ಕಳ ಕಡೆ ನೋಡುತ್ತಾಳೆ, ಮಕ್ಕಳು ಹೇಳಬೇಕು. ಆದರೆ ಮದುವೆ, ಬಸುರಿಯ ಕುಬುಸ, ಹೊಸ ಸೊಸೆ ಮನೆ ತುಂಬುವ ಹೊತ್ತು, ಇಂಥಲ್ಲಿ ಹೆಂಗಸರು ಚಾಪೆಯ ಮೇಲೆ ಕೂಡಿ ಒಬ್ಬರನ್ನೊಬ್ಬರು ಹೆಸರು ಹೇಳು ಎಂದು ಕಾಡುತ್ತಾರೆ. ಆಗ ಪ್ರಾಸ ಕಟ್ಟಿ, ಆ ಪ್ರಾಸಗಳ ನಡುವೆ ಗಂಡನ ಹೆಸರು ಇಟ್ಟು ಹೇಳಬೇಕು. ಅದೇ ಒಡಪು. ಪ್ರಾಸದ ಜೊತೆಗೆ ಬಂದ ಹೆಸರಿಗೆ ದೋಷ ಇಲ್ಲ.

ನನ್ನ ಕಾಲದವರು ಇದನ್ನು ಬಿಟ್ಟೇಬಿಟ್ಟಿದ್ದೇವೆ. ನಾನು ನನ್ನ ಗಂಡನನ್ನು ಹೆಸರು ಹಿಡಿದೇ ಕರೆಯುತ್ತೇನೆ. ಅತ್ತೆ ಊರಿಂದ ಬಂದಾಗ ಮಾತ್ರ ರೀ ಎನ್ನುತ್ತೇನೆ. ಅವರೂ ಆ ಎರಡು ದಿನ ಸ್ವಲ್ಪ ಬೀಗಿಕೊಂಡು ಓಡಾಡುತ್ತಾರೆ, ಪಾಪ.

ಅವ್ವ ಒಡಪು ಹೇಳಲು ಶುರು ಮಾಡಿದರೆ ಗದ್ದಲ ನಿಲ್ಲುತ್ತಿತ್ತು. ಹೊಳೆ, ಸಜ್ಜೆ ತೆನೆ, ಬಾಗಿಲ ತೋರಣ, ಕಣ್ಣಿಗೆ ಬಿದ್ದದ್ದನ್ನೆಲ್ಲ ಪ್ರಾಸಕ್ಕೆ ಎಳೆದು ತಂದು, ಕೊನೆಗೆ ಅಪ್ಪನ ಹೆಸರು ಇಡುತ್ತಿದ್ದಳು. ಹೊಳೆಗೂ ಆ ಹೆಸರಿಗೂ ಏನು ಸಂಬಂಧ ಎಂದು ಯಾರೂ ಕೇಳುತ್ತಿರಲಿಲ್ಲ. ಅಂಗಳದಲ್ಲಿ ಗಂಡಸರ ಜೊತೆ ಕೂತ ಅಪ್ಪ ಕೇಳಿಸದವನಂತೆ ರುಮಾಲು ಸರಿಮಾಡಿಕೊಳ್ಳುತ್ತಿದ್ದ. ನನಗೆ ಆಗ ಒಳಗೊಳಗೇ ಸುಖವಾಗುತ್ತಿತ್ತು, ಇಬ್ಬರೂ ಎಲ್ಲರ ಎದುರು ಏನೋ ಗುಟ್ಟು ಮಾತಾಡಿಕೊಂಡಂತೆ ಅನಿಸುತ್ತಿತ್ತು. ಆ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಅದು ಅವಳದು.

ಅಪ್ಪ ಹೋದ ಮೇಲೆ ಅವ್ವನನ್ನು ಯಾರೂ ಒಡಪು ಕೇಳಲಿಲ್ಲ. ಗಂಡ ಇದ್ದವರಷ್ಟೇ ಒಡಪು ಹೇಳುವುದು ಎಂದು ಯಾರೂ ಕೂತು ಕಾನೂನು ಮಾಡಿದ್ದಲ್ಲ, ಆದರೂ ಎಲ್ಲರಿಗೂ ಗೊತ್ತು. ನನಗೆ ಅದು ಕಣ್ಣಿಗೆ ಹೊಡೆದದ್ದು ದೇವದುರ್ಗದಲ್ಲಿ ಸಂಬಂಧಿಕರ ಮನೆಯ ಕುಬುಸದ ದಿನ. ನಮ್ಮ ದೊಡ್ಡವ್ವ, ಅಂದರೆ ಅಪ್ಪನ ಅಣ್ಣನ ಹೆಂಡತಿ, ಚಾಪೆಯ ಮೇಲೆ ಕೂತ ಹೆಂಗಸರನ್ನು ಒಬ್ಬೊಬ್ಬರಾಗಿ ಕಾಡುತ್ತ ಬಂದಳು. ದೊಡ್ಡವ್ವ ಗಟ್ಟಿ ಗಂಟಲಿನ, ಗಟ್ಟಿ ಮನಸ್ಸಿನ ಹೆಂಗಸು. ಅವಳು ಕೇಳಿದರೆ ಇಲ್ಲ ಎನ್ನುವ ಧೈರ್ಯ ಯಾರಿಗೂ ಇಲ್ಲ. ಸರದಿ ಅವ್ವನ ಹತ್ತಿರ ಬಂತು. ದೊಡ್ಡವ್ವನ ಕಣ್ಣು ಅವ್ವನ ಮೇಲಿಂದ ಹಾಯ್ದು ಪಕ್ಕದವಳ ಮೇಲೆ ಹೋಗಿ ನಿಂತಿತು. ಅಷ್ಟೇ ಆದದ್ದು. ಅವ್ವ ತನ್ನ ಕಾಲ ಹತ್ತಿರದ ಚಾಪೆಯ ಎಳೆಯೊಂದನ್ನು ಸರಿಮಾಡುತ್ತ ಕೂತಳು.

ತಿರುಗಿ ಮಾನ್ವಿಗೆ ಬರುವ ಬಸ್ಸಿನಲ್ಲಿ ನಾನು ಸಿಟ್ಟಿನಿಂದ ಉರಿಯುತ್ತಿದ್ದೆ. ಅವ್ವ ಕಿಟಕಿಯ ಹೊರಗೆ ನೋಡುತ್ತ ಕೂತಿದ್ದಳು. ಭತ್ತದ ಗದ್ದೆಗಳು, ಕಾಲುವೆಯ ನೀರು, ನೀರಿನಲ್ಲಿ ಮೋಡ. ಕಂಡಕ್ಟರ್ ರೈಟ್ ರೈಟ್ ಎನ್ನುತ್ತಿದ್ದ. ನನ್ನ ತಲೆಯಲ್ಲಿ ಸುಮ್ಮನೆ ಲೈಟ್, ನೈಟ್, ಸೈಟ್ ಎಂದು ಸಾಲು ಸಾಲಾಗಿ ಪದಗಳು ಬಂದು ಹೋಗುತ್ತಿದ್ದವು. ಆಗ ಅವ್ವ ಕಿಟಕಿಯ ಕಡೆಗೇ ಮುಖ ಮಾಡಿಕೊಂಡು ಹೇಳಿದಳು.

"ಭಾಳ ದಿನ ಆತು ಬೇ, ನಾಲಿಗಿ ಮ್ಯಾಲೆ ಬಂದು. ಒಂದಿನ ಮರತೇ ಬಿಡತೀನೇನೋ ಅಂತ ಅಂಜಿಕಿ ಬರತದ."

ಏನು ಮರೆಯುತ್ತಾಳೆ ಎಂದು ನಾನು ಕೇಳಲಿಲ್ಲ. ಅಪ್ಪನ ಹೆಸರು ಅವಳ ಬಾಯಿಂದ ಹೊರಗೆ ಬರಲು ಇದ್ದದ್ದು ಆ ಒಂದೇ ಬಾಗಿಲು, ಅದನ್ನು ಅಪ್ಪನ ಜೊತೆಗೇ ಮುಚ್ಚಿಬಿಟ್ಟಿದ್ದರು. ಹಾಗಿದ್ದರೆ ಸುಮ್ಮನೆ ಹೇಳಿಬಿಡು, ಇಲ್ಲೇ, ಈಗಲೇ, ಯಾರು ತಡೆಯುತ್ತಾರೆ ಎಂದೆ. ಬರೇ ಹೆಸರು ಹೇಗೆ ಹೇಳುವುದು, ಬರಿಗೈಯಲ್ಲಿ ಬೀಗರ ಮನೆಗೆ ಹೋದಂತೆ ಆಗುತ್ತದೆ ಎಂದಳು ಅವ್ವ. ಅವಳಿಗೆ ಅದು ಹಟವಲ್ಲ, ನಾಚಿಕೆಯೂ ಅಲ್ಲ. ಇಡೀ ಬಾಳಿನಲ್ಲಿ ಆ ಹೆಸರನ್ನು ಅವಳು ಪ್ರಾಸವಿಲ್ಲದೆ ಮುಟ್ಟಿಯೇ ಇರಲಿಲ್ಲ.

ಅದೇ ಮಳೆಗಾಲದಲ್ಲಿ ನನ್ನ ಮಗಳಿಗೆ ಶಾಲೆಯಲ್ಲಿ ಪ್ರಾಸಪದಗಳು ಶುರುವಾದವು. ಅವಳು ಮಾನ್ವಿಯ ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಮೂರನೆಯ ಇಯತ್ತೆ. ಒಂದು ಭಾನುವಾರ ಮಧ್ಯಾಹ್ನ ಅವಳು ಅಜ್ಜಿಯ ಪಕ್ಕದಲ್ಲಿ ಬೋರಲು ಮಲಗಿ ಬಾಯಿಪಾಠ ಮಾಡುತ್ತಿದ್ದಳು. ಗೇಟ್ ಅಂದರೆ ಬಾಗಿಲು, ಲೇಟ್ ಅಂದರೆ ತಡ, ರೇಟ್ ಅಂದರೆ ಬೆಲೆ, ಪ್ಲೇಟ್ ಅಂದರೆ ತಟ್ಟೆ. ನಾನು ಅರೆನಿದ್ದೆಯಲ್ಲಿದ್ದೆ. ಅವ್ವನ ಮೊರದಲ್ಲಿ ಜೋಳ ಅತ್ತಿಂದಿತ್ತ ಸರಿಯುವ ಸದ್ದು ನಿಂತಿತು. ಇವು ಯಾವಾಗ ಇಂಗ್ಲಿಷ್ ಆದವು, ನಾವು ದಿನಾ ಆಡುವ ಮಾತಲ್ಲವೇ ಎಂದು ಅವ್ವ ಕೇಳಿದಳು. ಆಮೇಲೆ, ನಿನಗೆ ಅರ್ಥ ತಪ್ಪು ಕಲಿಸಿದ್ದಾರೆ, ಗೇಟ್ ಅಂದರೆ ಬಾಗಿಲು ಅಲ್ಲ ಎಂದಳು.

ಗೇಟ್ ಅಂದರೆ ರಾಯಚೂರಿನ ರೈಲ್ವೆ ಗೇಟು. ಅವಳು ಮದುವೆಯಾಗಿ ಬಂದ ಹೊಸತರಲ್ಲಿ ಅಪ್ಪ ಹತ್ತಿ ಮಾರಲು ರಾಯಚೂರಿಗೆ ಹೊರಟಾಗ ಇವಳೂ ಹಟ ಹಿಡಿದು ಹೊರಟಳಂತೆ. ಟ್ರ್ಯಾಕ್ಟರಿನ ತುಂಬ ಹತ್ತಿ, ಹತ್ತಿಯ ಮೇಲೆ ಇವಳು. ಗೂಗಲ್‌ನಿಂದ ರಾಯಚೂರಿನ ತನಕ ಮೋಡದ ಮೇಲೆ ಮಲಗಿ ಬಂದಂತೆ ಇತ್ತಂತೆ. ಊರು ಮುಟ್ಟುವಾಗ ಗೇಟು ಬಿತ್ತು. ಅವಳು ಅವತ್ತಿನ ತನಕ ರೈಲು ನೋಡಿರಲಿಲ್ಲ. ರೈಲು ಬರುವುದರೊಳಗೆ ಅಪ್ಪ ಎಲ್ಲೋ ಮಾಯವಾಗಿ, ಒಂದು ಪ್ಲೇಟು ಮಂಡಾಳ, ಅಂದರೆ ಮಂಡಕ್ಕಿಯ ಒಗ್ಗರಣೆ, ಮೇಲೆ ಎರಡು ಮಿರ್ಚಿ ಹಿಡಿದುಕೊಂಡು ಬಂದ. ಕೈ ಚಾಚಿ ಮೇಲೆ ಕೊಟ್ಟ. ನಡುಬೀದಿಯಲ್ಲಿ, ಇಷ್ಟು ಮಂದಿಯ ಎದುರು ಹೊಸ ಸೊಸೆ ತಿನ್ನುವುದು ಹೇಗೆ? ಅಪ್ಪ ತಾನೂ ಹತ್ತಿಯ ಮೇಲೇರಿ, ಅವಳಿಗೆ ಬೆನ್ನು ತಿರುಗಿಸಿ, ಟವೆಲು ಬಿಡಿಸಿ ಎರಡು ಕೈಯಲ್ಲಿ ಅಗಲ ಮಾಡಿ ಹಿಡಿದುಕೊಂಡು ಮರೆಯಾಗಿ ನಿಂತ. ಅವಳು ತಿಂದಳು. ರೈಲು ಬಂದು ಹೋದದ್ದನ್ನೂ ನೋಡಲಿಲ್ಲ.

ಗೇಟು ತೆಗೆದ ಮೇಲೂ ಅವಳು ತಿಂದು ಮುಗಿಸುವ ತನಕ ಅಪ್ಪ ಟ್ರ್ಯಾಕ್ಟರ್ ಬಿಡಗೊಡಲಿಲ್ಲ, ಲೇಟಾಯಿತು. ಮಾರ್ಕೆಟ್ಟಿಗೆ ಹೋಗುವುದರೊಳಗೆ ಒಳ್ಳೆ ರೇಟು ಹೋಗಿಬಿಟ್ಟಿತ್ತು. ಜೊತೆಗೆ ಬಂದವರು ಅಪ್ಪನಿಗೆ ಬೈದರು. ಅಪ್ಪ ನಕ್ಕುಬಿಟ್ಟನಂತೆ. ಇಷ್ಟು ಹೇಳಿ ಅವ್ವ ಮೊಮ್ಮಗಳಿಗೆ, ನಿನ್ನ ನಾಲ್ಕು ಪದ ಅಂದರೆ ಇದು ಎಂದಳು. ನಾನು ಕಣ್ಣು ಮುಚ್ಚಿಕೊಂಡೇ ಕೇಳಿಸಿಕೊಂಡೆ. ಈ ಕಥೆಯನ್ನು ಅವಳು ನನಗೆ ಎಂದೂ ಹೇಳಿರಲಿಲ್ಲ. ಫ್ಯಾನು ತಿರುಗುತ್ತಿತ್ತು, ಹತ್ತಿಯ ಮೇಲೆ ಮಲಗಿದವಳು ನಾನೇ ಎಂಬಂತೆ ಮೈ ತೇಲುತ್ತಿತ್ತು. ಇಡೀ ಕಥೆಯಲ್ಲಿ ಅವಳು ಅಪ್ಪನನ್ನು ಅವರು, ಅವರು ಎಂದೇ ಹೇಳಿದಳು. ಹೆಸರು ಬರಬೇಕಾದ ಪ್ರತಿ ಜಾಗದಲ್ಲೂ ಒಂದು ಸಣ್ಣ ಉಸಿರು ತೆಗೆದುಕೊಂಡಳು.

ಮಾರನೆಯ ದಿನ ಮಗಳ ಟೀಚರ್ ಫೋನ್ ಮಾಡಿದರು. ತರಗತಿಯಲ್ಲಿ ಲೇಟ್ ಎಂದರೇನು ಎಂದು ಕೇಳಿದ್ದಕ್ಕೆ ನನ್ನ ಮಗಳು ಎದ್ದು ನಿಂತು, ಲೇಟ್ ಅಂದರೆ ಅಜ್ಜ ಅಜ್ಜಿಗೆ ಮಿರ್ಚಿ ತಂದುಕೊಟ್ಟದ್ದು ಎಂದಳಂತೆ. ಇಡೀ ತರಗತಿ ಬಿದ್ದು ಬಿದ್ದು ನಕ್ಕಿತಂತೆ. ನೀವೇ ಇಂಗ್ಲಿಷ್ ಟೀಚರ್, ಮನೆಯಲ್ಲಿ ಸ್ವಲ್ಪ ನೋಡಿಕೊಳ್ಳಬಾರದೇನ್ರಿ ಎಂದು ಅವರು ಕೇಳಿದರು. ನೋಡಿಕೊಳ್ಳುತ್ತೇನೆ ಎಂದೆ, ಮತ್ತೇನು ಹೇಳಲಿ, ಅವರ ಜಾಗದಲ್ಲಿದ್ದರೆ ನಾನೂ ಫೋನ್ ಮಾಡುತ್ತಿದ್ದೆ. ಅವ್ವನಿಗೆ ಹೇಳಿದಾಗ ಅವಳು, ಪಾಪ ಆ ಟೀಚರಮ್ಮ ಹತ್ತಿಯ ಮೇಲೆ ಕೂತವಳಲ್ಲ, ಅವಳಿಗೆ ಹೇಗೆ ಗೊತ್ತಾಗಬೇಕು ಎಂದಳು.

ಆ ವರ್ಷವೇ ಅಣ್ಣನ ಮಗನ ಮದುವೆ ಗೊತ್ತಾಯಿತು. ನಮ್ಮ ಮನೆತನದಲ್ಲಿ ಹಿರಿಯ ಮೊಮ್ಮಗನಿಗೆ ಅಜ್ಜನ ಹೆಸರನ್ನೇ ಇಡುವ ಪದ್ಧತಿ. ಹಾಗಾಗಿ ಈ ಹುಡುಗನಿಗೂ ಅಪ್ಪನದೇ ಹೆಸರು. ಗಂಡನ ಹೆಸರಿನವನು ಎಂದು ಅವ್ವ ಅವನನ್ನೂ ಹುಟ್ಟಿದಾಗಿನಿಂದ ಹೆಸರು ಹಿಡಿದು ಕರೆದಿಲ್ಲ. ಯಪ್ಪಾ ಎನ್ನುತ್ತಾಳೆ, ಸಿಟ್ಟು ಬಂದರೆ ಏ ಇವನ ಎನ್ನುತ್ತಾಳೆ. ಹುಡುಗಿ ರಾಯಚೂರಿನವಳು, ಅಕ್ಕಿ ವ್ಯಾಪಾರದವರ ಮಗಳು, ಚೆನ್ನಾಗಿ ಓದಿದವಳು. ನಿಶ್ಚಯದ ದಿನ ಅವಳು ಎಲ್ಲರ ಎದುರಿಗೇ ಅವನನ್ನು ಹೆಸರು ಹಿಡಿದು ಕರೆದು ನೀರು ಬೇಕಾ ಎಂದು ಕೇಳಿದಳು. ಹಿರಿಯರು ಮುಖ ಮುಖ ನೋಡಿಕೊಂಡರು. ಅವ್ವನಿಗೆ ಬೇಸರವಾಯಿತೇನೋ ಎಂದು ನಾನು ತಿರುಗಿ ನೋಡಿದೆ. ಅವ್ವ ಸೆರಗು ಗಟ್ಟಿಯಾಗಿ ಹಿಡಿದುಕೊಂಡು, ಇನ್ನೊಮ್ಮೆ ಕರೆಯುತ್ತಾಳೇನೋ ಎಂದು ಕಾಯುವವಳಂತೆ ಆ ಹುಡುಗಿಯ ಬಾಯನ್ನೇ ನೋಡುತ್ತಿದ್ದಳು.

ಆಮೇಲೆ ಆ ಹುಡುಗಿ ನನಗೆ ಆಗಾಗ ಫೋನ್ ಮಾಡುತ್ತಿದ್ದಳು. ಮಾತಿನ ತುಂಬ ಅವನ ಹೆಸರು. ಅವ್ವ ಮೊರ ಎತ್ತಿಕೊಂಡು ಸದ್ದಿಲ್ಲದೆ ನನ್ನ ಹತ್ತಿರ ಬಂದು ಕೂಡುತ್ತಿದ್ದಳು. ನಾನು ಸ್ಪೀಕರ್ ಹಾಕುತ್ತಿದ್ದೆ, ಕೈ ಬಿಡುವಿಲ್ಲ ಎಂಬ ನೆಪ ಹೇಳಿ. ಎಷ್ಟು ಸಲೀಸಾಗಿ ಹೇಳುತ್ತಾಳೆ ನೋಡು ಎಂದಳು ಒಮ್ಮೆ ಅವ್ವ, ಫೋನ್ ಇಟ್ಟ ಮೇಲೆ. ಅದರಲ್ಲಿ ದೂರು ಇರಲಿಲ್ಲ. ನನಗೆ ಅಳು ಬಂತು, ಒಲೆಯ ಮೇಲೆ ಹಾಲಿದೆ ಎಂದು ಎದ್ದು ಹೋದೆ.

ಜವಳಿ ತರಲು ಎರಡೂ ಕಡೆಯವರು ರಾಯಚೂರಿನಲ್ಲಿ ಕೂಡಿದೆವು. ಸೀರೆಯ ಅಂಗಡಿಯಲ್ಲಿ ಅತ್ತಿಗೆಗೂ ಬೀಗಿತಿಗೂ ಬಣ್ಣದ ಮೇಲೆ ನಯವಾದ ಜಗಳ ನಡೆದು, ಎಲ್ಲರೂ ಸುಸ್ತಾಗಿ ಹತ್ತಿರದ ಹೋಟೆಲಿನಲ್ಲಿ ಕೂತೆವು. ಹುಡುಗಿ ಬಂದು ಅವ್ವನ ಪಕ್ಕದಲ್ಲಿ ಕೂತಳು. ಗೂಗಲ್‌ನಲ್ಲಿ ಹೊಸ್ತಿಲ ಹತ್ತಿರ ಹೆಂಗಸರು ಅಡ್ಡ ನಿಂತು ಒಡಪು ಕೇಳುತ್ತಾರಂತಲ್ಲ, ನನಗೆ ಒಂದೂ ಬರುವುದಿಲ್ಲ, ಶಾಲೆಯಲ್ಲಿ ಕಲಿತ ಇಂಗ್ಲಿಷ್ ಪ್ರಾಸಗಳಷ್ಟೇ ಗೊತ್ತು, ಏನು ಮಾಡಲಿ ಅಜ್ಜಿ ಎಂದು ಕೇಳಿದಳು. ಅವಳಿಗೆ ನಿಜವಾಗಿಯೂ ಹೆದರಿಕೆ ಇತ್ತು. ಅವ್ವ ಒಂದು ಗುಟುಕು ಚಹಾ ಕುಡಿದಳು, ಹೊರಗಿನ ರಸ್ತೆಯ ಕಡೆ ನೋಡಿದಳು, ಆಮೇಲೆ ಅಲ್ಲೇ ಕಟ್ಟಿಕೊಟ್ಟಳು.

"ರೈಲು ಬಂತಂದ್ರ ಹಾಕ್ತಾರ ಗೇಟು,
ಮಿರ್ಚಿ ತಿಂದು ಬರೂದ್ರಾಗ ಆತು ಲೇಟು,
ಹೊಸ್ತಿಲ ಬಿಡ್ರಿ, ನಮ್ಮ..."

ಇಲ್ಲಿ ನಿಂತಳು. ಒಂದು ಉಸಿರು ತೆಗೆದುಕೊಂಡಳು. ಅಲ್ಲಿ ನಿನ್ನ ಗಂಡನ ಹೆಸರು ಹಾಕಿಕೋ ಎಂದಳು. ಆಮೇಲೆ, "ಅವರ ಹೆಸರಿಗೆ ಕಟ್ಟಾಕ ಬರಂಗಿಲ್ಲ ರೇಟು" ಎಂದು ಮುಗಿಸಿದಳು.

ಹುಡುಗಿ ಚಪ್ಪಾಳೆ ತಟ್ಟಿದಳು. ಪಕ್ಕದ ಟೇಬಲಿನವರೂ ತಿರುಗಿ ನೋಡಿದರು. ನನಗೆ ಮಾತ್ರ ಆ ಖಾಲಿ ಜಾಗವೇ ಕೇಳಿಸಿತು. ಎಲ್ಲ ತಯಾರಿತ್ತು, ಪ್ರಾಸ ಅಲ್ಲಿತ್ತು, ಹೆಸರು ಬಂದಿದ್ದರೆ ತಪ್ಪು ಹಿಡಿಯುವವರು ಯಾರೂ ಇರಲಿಲ್ಲ, ಆದರೂ ಅವಳು ಸುತ್ತಿ ಬಳಸಿ ದಾಟಿಕೊಂಡು ಹೋದಳು.

ಬಸ್ಸಿನಲ್ಲಿ ಕೇಳಿಯೇಬಿಟ್ಟೆ. ಯಾಕೆ ಬಿಟ್ಟೆ, ಹೇಳಬಾರದಿತ್ತೇ ಎಂದೆ.

"ನನಗ ಕೇಳಿದವರು ಯಾರು? ಕೇಳಲಾರದ ಯಾರಾದರೂ ಒಡಪು ಹೇಳತಾರೇನು?"

ನಾನು ಕೇಳುತ್ತಿದ್ದೇನೆ, ಹೇಳು ಎಂದೆ. ಅವ್ವ ನಕ್ಕಳು. ಮಕ್ಕಳು ಕೇಳಿದರೆ ಲೆಕ್ಕಕ್ಕಿಲ್ಲವಂತೆ. ಸರೀಕರು ಕೇಳಬೇಕಂತೆ, ಒಂದೇ ಚಾಪೆಯ ಮೇಲೆ ಕೂತು ಉಂಡವರು. ಅಷ್ಟು ಹೇಳಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಕಣ್ಣು ಮುಚ್ಚಿದಳು. ಅಕ್ಕಿ ಗಿರಣಿಗಳ ತೌಡಿನ ವಾಸನೆ ಬಸ್ಸಿನೊಳಗೆ ತುಂಬಿಕೊಂಡಿತು. ನಾನು ಊರು ಬರುವ ತನಕ ಎಚ್ಚರವಾಗಿಯೇ ಕೂತಿದ್ದೆ.

ಮದುವೆ ರಾಯಚೂರಿನಲ್ಲಿ ಆಯಿತು. ಮಾರನೆಯ ದಿನ ಇಳಿಹೊತ್ತಿನಲ್ಲಿ ಸೊಸೆಯನ್ನು ಗೂಗಲ್‌ಗೆ ಕರೆತಂದೆವು. ಹೊಳೆಯ ಕಡೆಯಿಂದ ತಣ್ಣಗೆ ಗಾಳಿ ಬರುತ್ತಿತ್ತು, ಬಿಸಿಲು ಅರಿಶಿನದ ನೀರಿನಂತೆ ಅಂಗಳದಲ್ಲಿ ಹರಡಿತ್ತು, ನಡೆಯುವವರೆಲ್ಲ ಕನಸಿನಲ್ಲಿ ನಡೆದಂತೆ ನಿಧಾನವಾಗಿದ್ದರು. ಹೊಸ್ತಿಲ ಮೇಲೆ ಅಕ್ಕಿ ತುಂಬಿದ ಸೇರು ಇಟ್ಟಿದ್ದರು. ದೊಡ್ಡವ್ವ ಬಾಗಿಲಿನ ಎರಡೂ ಕಡೆ ಕೈ ಊರಿ ಅಡ್ಡ ನಿಂತಿದ್ದಳು, ಅವಳ ಹಿಂದೆ ಓಣಿಯ ಹೆಂಗಸರೆಲ್ಲ.

ಅವ್ವ ಅಲ್ಲಿರಲಿಲ್ಲ. ನಾನು ಹಿತ್ತಲ ಬಾಗಿಲಿನಿಂದ ಒಳಗೆ ಹುಡುಕಿಕೊಂಡು ಹೋದೆ. ನಡುಮನೆಯಲ್ಲಿ ಜೋಳದ ಚೀಲಗಳ ಪಕ್ಕ ಗೋಡೆಗೆ ಆತು ಕೂತಿದ್ದಳು. ಹೊಸ ಸೊಸೆ ಕಾಲಿಡುವ ಹೊತ್ತಿಗೆ ಎದುರು ಬರಬಾರದೆಂದು ತಾನೇ ಬಂದು ಕೂತದ್ದು. ನನಗೆ ಮೈಯೆಲ್ಲ ಸಿಟ್ಟು. ಏಳು, ನಿನ್ನ ಮನೆ, ನಿನ್ನ ಮೊಮ್ಮಗ, ಬಂದು ನಿಲ್ಲು ಎಂದು ಕೈ ಹಿಡಿದು ಎಳೆದೆ. ಅವ್ವ ಕೈ ಬಿಡಿಸಿಕೊಂಡಳು. ಇಲ್ಲಿಂದಲೇ ಎಲ್ಲ ಕೇಳಿಸುತ್ತದೆ, ನೀನು ಹೋಗಿ ಹುಡುಗಿಯ ಹತ್ತಿರ ನಿಲ್ಲು, ಅವಳಿಗೆ ಹೆದರಿಕೆ ಇದೆ ಎಂದಳು. ನಾನು ಬಂದು ನಡುಮನೆಯ ಬಾಗಿಲ ಹತ್ತಿರ, ಅತ್ತಲೂ ಇಲ್ಲದೆ ಇತ್ತಲೂ ಇಲ್ಲದೆ ನಿಂತುಕೊಂಡೆ.

ದೊಡ್ಡವ್ವ ಒಡಪು ಕೇಳಿದಳು. ಹುಡುಗಿ ತಲೆ ಎತ್ತಿ ಚೆನ್ನಾಗಿಯೇ ಶುರು ಮಾಡಿದಳು. ಗೇಟು ಬಂತು. ಹೆಂಗಸರು ಇದೇನು ಹೊಸ ನಮೂನೆ ಎಂದು ನಗತೊಡಗಿದರು. ಲೇಟು ಬಂತು, ನಗು ಇನ್ನೂ ಜೋರಾಯಿತು, ನಾಲ್ಕು ಮೊಬೈಲುಗಳು ಅವಳ ಮುಖದ ಹತ್ತಿರ ಬಂದವು. ಹೊಸ್ತಿಲ ಬಿಡ್ರಿ ಎಂದಳು, ಮುಂದಿನದು ಹೊರಡಲಿಲ್ಲ. ಮತ್ತೆ ಹೊಸ್ತಿಲ ಬಿಡ್ರಿ ಎಂದಳು. ದಿನಕ್ಕೆ ಸಾವಿರ ಸಲ ಹೇಳುವ ಹೆಸರು ಅವಳ ಬಾಯಿಗೆ ಬರಲೊಲ್ಲದು. ಕಣ್ಣಲ್ಲಿ ನೀರು ತುಂಬಿತು. ನಗು ತಾನಾಗಿ ಕಡಿಮೆಯಾಯಿತು, ಯಾರಿಗೂ ಏನು ಮಾಡಬೇಕೆಂದು ತಿಳಿಯಲಿಲ್ಲ.

ಆಗ ಒಳಗಿನಿಂದ ಅವ್ವನ ದನಿ ಬಂತು. ಹುಡುಗಿಗೆ ನೆನಪು ಮಾಡಿಕೊಡಲೆಂದೇ ಶುರು ಮಾಡಿದ್ದು. ಹೊಸ್ತಿಲ ಬಿಡ್ರಿ ಎಂದಳು, ನಮ್ಮ ಎಂದಳು, ಆಮೇಲೆ ಉಸಿರು ತೆಗೆದುಕೊಳ್ಳಲಿಲ್ಲ. ಪ್ರಾಸದ ಓಟಕ್ಕೆ ಸಿಕ್ಕ ದನಿ ನಿಲ್ಲದೆ ಹೆಸರನ್ನೂ ಹೇಳಿಬಿಟ್ಟು, ರೇಟು ಎಂಬಲ್ಲಿಗೆ ಹೋಗಿ ನಿಂತಿತು.

ಸೊಸೆಯ ಗಂಡನ ಹೆಸರೂ ಅದೇ, ಹಾಗಾಗಿ ತಪ್ಪು ಎನ್ನಲು ಯಾರಿಗೂ ಬರುವಂತಿರಲಿಲ್ಲ. ಆದರೂ ಅವ್ವ ಹೇಳಿದ್ದು ಯಾರ ಹೆಸರೆಂದು ಎಲ್ಲರಿಗೂ ಗೊತ್ತಾಗಿತ್ತು. ನಾನು ತಿರುಗಿ ನೋಡಿದೆ. ಅವ್ವ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಕೂತಿದ್ದಳು, ದೊಡ್ಡ ತಪ್ಪು ಮಾಡಿ ಸಿಕ್ಕಿಬಿದ್ದವಳಂತೆ. ಯಾರಾದರೂ ಒಂದು ಕೆಟ್ಟ ಮಾತು ಆಡಲಿ, ಅವರನ್ನು ಬಿಡುವುದಿಲ್ಲ ಎಂದುಕೊಂಡೆ.

ನಮ್ಮ ಕಡೆ ಹೊಸಬಳು ಒಡಪು ಹೇಳಿದರೆ ಒಂದೇ ಸಲಕ್ಕೆ ಬಿಡುವುದಿಲ್ಲ. ಕೇಳಲಿಲ್ಲ, ಇನ್ನೊಮ್ಮೆ ಹೇಳು ಎಂದು ಹೆಂಗಸರು ಕಾಡುತ್ತಾರೆ. ಗಂಡನ ಹೆಸರನ್ನು ಅವಳಿಂದ ಎರಡು ಸಲ ಹೇಳಿಸುವ ಚೇಷ್ಟೆ. ದೊಡ್ಡವ್ವ ಬಾಗಿಲಿನಿಂದ ಕೈ ತೆಗೆಯದೆ, ಕುತ್ತಿಗೆ ಮಾತ್ರ ಒಳಗೆ ತಿರುಗಿಸಿದಳು.

"ಕೇಳಲಿಲ್ಲ. ಇನ್ನೊಮ್ಮೆ ಹೇಳು."

ಸೊಸೆ ತನಗೇ ಹೇಳಿದ್ದೆಂದು ಬಾಯಿ ತೆರೆದಳು. ದೊಡ್ಡವ್ವ ಅವಳ ತೋಳಿನ ಮೇಲೆ ಕೈ ಇಟ್ಟು ತಡೆದಳು.

"ನಿನಗಲ್ಲವ್ವ. ನನ್ನ ತಂಗಿಗಿ ಕೇಳಾಕತ್ತೀನಿ."

ಒಳಗೆ ಚೀಲಗಳ ಹತ್ತಿರ ಬಳೆಯಿಲ್ಲದ ಕೈ ಊರಿ ಅವ್ವ ಎದ್ದು ನಿಂತಳು. ನನ್ನನ್ನು ಬದಿಗೆ ಸರಿಸಿ ನಡುಮನೆಯ ಬಾಗಿಲಿಗೆ ಬಂದಳು. ಗೇಟಿನಿಂದ ಮತ್ತೆ ಶುರು ಮಾಡಿದಳು, ಅವಸರ ಮಾಡಲಿಲ್ಲ, ಮತ್ತು ಅಪ್ಪನ ಹೆಸರನ್ನು ಓಣಿಗೆಲ್ಲ ಕೇಳುವಂತೆ ಹೇಳಿದಳು.